ಕೊಜಿಮಾ ಪ್ಯಾಂಟು, ಬಳ್ಳಾರಿ ಮಾವ

ಗುಂಪು: ಅಜ್ಜಿ ಮನೆ

ನಾನು: (ಫೋಟೊ) ಶನಿವಾರ ಜಪಾನಿನ ಜೀನ್ಸ್ ಊರು ಕೊಜಿಮಾಗೆ ಹೋಗಿದ್ದೆ. ಒಸಾಕಾದಿಂದ ಒಕಾಯಾಮಾಗೆ ರೈಲು, ಅಲ್ಲಿಂದ ಇನ್ನೊಂದು ರೈಲು. ಒಂದು ಬೀದಿ ಪೂರ್ತಿ ಜೀನ್ಸ್ ಅಂಗಡಿಗಳೇ. ತಲೆ ಮೇಲೆ ಹಗ್ಗ ಕಟ್ಟಿ ಪ್ಯಾಂಟು ನೇತು ಹಾಕಿದ್ದಾರೆ. ನಾನೂ ಒಂದು ತಗೊಂಡೆ.

ಚಿಕ್ಕಮ್ಮ: ಬಣ್ಣ ಚೆನ್ನಾಗಿದೆ ಪುಟ್ಟ. ಆದರೆ ಇದು ಬಟ್ಟೆಯೋ ರಟ್ಟೋ? ಮಡಿಸಿದರೆ ಮುರಿಯುವ ಹಾಗಿದೆ.

ನಾನು: ನೂಲಿಗೆ ಹಾಕಿದ ಗಂಜಿ ಹಾಗೇ ಇದೆ ಚಿಕ್ಕಮ್ಮ. ಮಗ್ಗದಿಂದ ಇಳಿದ ಮೇಲೆ ನೀರೇ ಕಂಡಿಲ್ಲ. ಬಿಸಿನೀರಲ್ಲಿ ನೆನೆಸಿದರೆ ಸೊಂಟ, ಉದ್ದ ಎರಡೂ ಕುಗ್ಗುತ್ತವೆ. ನೂರಕ್ಕೆ ಹತ್ತರಷ್ಟು ಹೋದರೂ ಹೋಯಿತು. ಅದಕ್ಕೇ ಒಂದು ಅಳತೆ ದೊಡ್ಡದು ತಗೊಂಡಿದ್ದೇನೆ.

ದೊಡ್ಡಪ್ಪ: ರೇಟು?

ನಾನು: 27 ಸಾವಿರ ಯೆನ್. ನಮ್ಮ ದುಡ್ಡಲ್ಲಿ 15-16 ಸಾವಿರ.

ದೊಡ್ಡಪ್ಪ: ಒಂದಕ್ಕಾ?

ಅಕ್ಕ: ಒಂದಕ್ಕೇ ದೊಡ್ಡಪ್ಪ. ಅದೂ ಅಮೆರಿಕದ ಹಳೇ ಪ್ಯಾಂಟಿನ ನಕಲು. ಯಾವ ವರ್ಷದ ಪ್ಯಾಂಟಿನ ನಕಲು ಅಂತ ಅವರೇ ಬರೆದು ಮಾರುತ್ತಾರೆ.

ಬಳ್ಳಾರಿ ಮಾವ: ನಾನೂ ಇಲ್ಲಿ ಜೀನ್ಸ್ ಹೊಲಿಸಿ ಮಾರುವವನೇ. ಈ ದುಡ್ಡಿಗೆ ನಮ್ಮಲ್ಲಿ ಒಂದು ಮೂಟೆ ಪ್ಯಾಂಟು ಬರುತ್ತದೆ. ಅದರಲ್ಲಿ ಅಂಥದ್ದೇನಿದೆ? ಬ್ರ್ಯಾಂಡಿನ ಹೆಸರು ಬಿಟ್ಟು ಹೇಳಪ್ಪ.

ನಾನು: ಬ್ರ್ಯಾಂಡಿನ ಮಾತೇ ಬೇಡ ಮಾವ, ಬಟ್ಟೆಯ ಮಾತು ಮಾತ್ರ ಆಡೋಣ. ಇದು ಲಾಳಿ ಓಡುವ ಹಳೇ ಮಗ್ಗದಲ್ಲಿ ನೇಯ್ದಿದ್ದು. ಹೊಕ್ಕಿನ ನೂಲು, ಅಂದರೆ ಅಡ್ಡ ನೂಲು, ಆ ಕಡೆಯಿಂದ ಈ ಕಡೆಗೆ ಕಡಿಯದೆ ತಿರುಗುತ್ತದೆ. ಹಾಗಾಗಿ ಅಂಚು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಅಂಚು ಬಿಚ್ಚದಂತೆ ಹಾಕುವ ಓವರ್‌ಲಾಕ್ ಹೊಲಿಗೆ ಬೇಡ. ಕಾಲಿನ ಒಳಗೆ ಬಿಳಿ ಅಂಚು, ಅದರಲ್ಲಿ ಕೆಂಪು ದಾರ ಕಾಣುತ್ತಿದೆಯಲ್ಲ, ಅದೇ. ಮಗ್ಗ ನಿಧಾನ, ಅಲುಗಾಡುತ್ತದೆ, ನೂಲನ್ನು ಬಿಗಿಯಾಗಿ ಎಳೆಯುವುದಿಲ್ಲ. ಅದಕ್ಕೇ ಬಟ್ಟೆ ಮೇಲೆ ಕೈ ಆಡಿಸಿದರೆ ಸಣ್ಣ ಏರಿಳಿತ ಸಿಗುತ್ತದೆ.

ಬಳ್ಳಾರಿ ಮಾವ: ಪನ್ನ ಎಷ್ಟು, ಬಟ್ಟೆಯ ಅಗಲ?

ನಾನು: 30 ಇಂಚಿನ ಆಸುಪಾಸು.

ಬಳ್ಳಾರಿ ಮಾವ: ನಮಗೆ ಅಹಮದಾಬಾದಿನಿಂದ ಬರುವುದು 60ರ ಹತ್ತಿರದ್ದು. ಈ ಪನ್ನದ ಬಟ್ಟೆಯನ್ನು ಕತ್ತರಿಸಲು ಹಾಸಿದರೆ ಕಟಿಂಗ್ ಮಾಸ್ಟರ್ ಬೈಯುತ್ತಾನೆ. ಬಟ್ಟೆ ಜಾಸ್ತಿ ಬೇಕು, ಹೊತ್ತೂ ಜಾಸ್ತಿ. ಸರಿ, ಅಲ್ಲಿಗೆ ರೇಟು ಸ್ವಲ್ಪ ಏರಿತು. ಇಷ್ಟು ಏರುವುದಿಲ್ಲ.

ನಾನು: ಬಣ್ಣ ಬೇರೆ ಇದೆಯಲ್ಲ ಮಾವ. ನೂರಾರು ಎಳೆ ಸೇರಿಸಿ ಹಗ್ಗ ಮಾಡುತ್ತಾರೆ. ಅದನ್ನು ನೀಲಿ ತೊಟ್ಟಿಯಲ್ಲಿ ಅದ್ದಿ, ಎತ್ತಿ ಗಾಳಿಗೆ ಬಿಟ್ಟು, ಮತ್ತೆ ಅದ್ದುತ್ತಾರೆ. ತೊಟ್ಟಿಯಿಂದ ಎತ್ತಿದಾಗ ಹಸಿರು ಹಳದಿ. ಗಾಳಿ ತಾಗಿದ ಮೇಲೆ ನೀಲಿ. ಎಷ್ಟು ಸಲ ಅದ್ದಿದರೂ ನೂಲಿನ ನಡು ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಹಾಕಿಕೊಂಡು ಓಡಾಡಿದ ಹಾಗೆ ಮೇಲಿನ ನೀಲಿ ಸವೆಯುತ್ತದೆ, ಒಳಗಿನ ಬಿಳಿ ಕಾಣುತ್ತದೆ. ಮಂಡಿ ಹಿಂದೆ, ತೊಡೆ ಮೇಲೆ, ಫೋನ್ ಇಡುವ ಜೇಬಿನ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಥರ. ಇಬ್ಬರ ಪ್ಯಾಂಟು ಒಂದೇ ಥರ ಮಾಸುವುದಿಲ್ಲ. ನನಗೆ ಇದರಲ್ಲಿ ಬಹಳ ಇಷ್ಟವಾದ ವಿಷಯವೇ ಇದು.

ಚಿಕ್ಕಮ್ಮ: ಆ ಸವೆದ ನೀಲಿ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಹೋದ ಸಲ ಬಂದಾಗ ನಮ್ಮ ದಿವಾನದ ಹೊದಿಕೆ ಮೇಲೆ ಬಿಟ್ಟು ಹೋಗಿದ್ದೆ. ಮತ್ತೆ ಈ ಪ್ಯಾಂಟನ್ನು ತಿಂಗಳುಗಟ್ಟಲೆ ಒಗೆಯುವುದಿಲ್ಲವಂತೆ, ನಿಜವಾ?

ನಾನು: ಒಗೆಯದವರು ಇದ್ದಾರೆ. ನಾನು ಒಗೆಯುತ್ತೇನೆ ಚಿಕ್ಕಮ್ಮ. ಬೆವರು, ಧೂಳು ಹಾಗೇ ಕೂತರೆ ಹೊಲಿಗೆಯ ಹತ್ತಿ ದಾರ ಬೇಗ ಕೊಳೆಯುತ್ತದೆ, ತೊಡೆ ಸಂದಿಯಲ್ಲಿ ಬಿಟ್ಟುಕೊಳ್ಳುತ್ತದೆ. ತಿರುವಿ ಹಾಕಿ, ತಣ್ಣೀರು, ಸ್ವಲ್ಪ ಸೋಪು, ನೆರಳಲ್ಲಿ ಒಣಗಿಸುವುದು. ಅಷ್ಟೇ.

ದೊಡ್ಡಪ್ಪ: ಬಟ್ಟೆ ಬಗ್ಗೆ ಇಷ್ಟು ಓದಿದವನು ಡಾಕ್ಟರೇಟ್ ಮಾಡಬಹುದಿತ್ತು. ಲಾಳಿ ಮಗ್ಗ ಅಂದರೆ ಏನು ದೊಡ್ಡ ವಿಷಯ? ನಮ್ಮಲ್ಲಿ ಇಲ್ಲವಾ?

ನಾನು: ಇದೆ ದೊಡ್ಡಪ್ಪ. ಆದರೆ ಈ ಮಗ್ಗಕ್ಕೂ ನಿಮ್ಮ ಇನ್ನೋವಾಗೂ ಸಂಬಂಧ ಇದೆ. 1924ರಲ್ಲಿ ಸಾಕಿಚಿ ಟೊಯೋಡಾ ಒಂದು ಮಗ್ಗ ತಂದರು. ಮಗ್ಗ ನಿಲ್ಲಿಸದೆಯೇ ಲಾಳಿ ಬದಲಾಗುತ್ತಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಅದರ ಹಕ್ಕು ಕೊಂಡುಕೊಂಡಿತು. ಟೊಯೋಡಾ ಅವರ ಮಗ್ಗದ ಕಂಪನಿಯ ಒಳಗೇ 1933ರಲ್ಲಿ ಕಾರಿನ ವಿಭಾಗ ಶುರುವಾಯಿತು. ಬಿಡದಿಯಲ್ಲಿ ನಿಮ್ಮ ಗಾಡಿ ಮಾಡಿದ ಟೊಯೋಟಾ ಕಂಪನಿಯ ಬೇರು ಅದು. ಒಕಾಯಾಮಾ, ಹಿರೋಶಿಮಾ ಕಡೆ ಹಳೇ ಟೊಯೋಡಾ ಮಗ್ಗಗಳಲ್ಲಿ ಇವತ್ತಿಗೂ ಡೆನಿಮ್, ಅಂದರೆ ಜೀನ್ಸ್ ಬಟ್ಟೆ, ನೇಯುತ್ತಾರೆ.

ದೊಡ್ಡಪ್ಪ: ಇದು ಗೊತ್ತಿರಲಿಲ್ಲ. ಆದರೂ 16 ಸಾವಿರ ಜಾಸ್ತಿಯೇ.

ಬಳ್ಳಾರಿ ಮಾವ: ನನ್ನ ಪ್ರಶ್ನೆ ಬೇರೆ. ಜೀನ್ಸ್ ಅಮೆರಿಕದವರದ್ದು. ಅವರೇ ಬಿಟ್ಟ ಮಗ್ಗವನ್ನು ಜಪಾನಿನವರು ಯಾಕೆ ಹಿಡಿದುಕೊಂಡರು?

ನಾನು: ಯುದ್ಧ ಮುಗಿದ ಮೇಲೆ ಟೋಕಿಯೊದ ಉಯೆನೊ ಹತ್ತಿರ ಅಮೆಯೊಕೊ ಸಂತೆಯಲ್ಲಿ ಅಮೆರಿಕದ ಸೈನಿಕರ ಹಳೇ ಪ್ಯಾಂಟುಗಳು ಮಾರಾಟಕ್ಕೆ ಬರುತ್ತಿದ್ದವು. ಜನ ಮುಗಿಬಿದ್ದರು. ಕೊಜಿಮಾದವರು ಆಗ ಶಾಲೆ ಸಮವಸ್ತ್ರ ಹೊಲಿಯುತ್ತಿದ್ದರು. 1965ರಲ್ಲಿ ಅಮೆರಿಕದಿಂದ ಬಟ್ಟೆ ತರಿಸಿ ಜೀನ್ಸ್ ಹೊಲಿದರು, ಯಾಕೆಂದರೆ ಜಪಾನಿನಲ್ಲಿ ಅಂಥ ಬಟ್ಟೆ ನೇಯುವ ಗಿರಣಿಯೇ ಇರಲಿಲ್ಲ. ಹಿರೋಶಿಮಾ ಕಡೆಯ ಕೈಹಾರಾ ಅನ್ನುವ ನೇಕಾರರ ಮನೆತನ 1970ರಲ್ಲಿ ಹಗ್ಗದ ಬಣ್ಣಗಾರಿಕೆಯ ಯಂತ್ರ ತಾನೇ ಕಟ್ಟಿಕೊಂಡಿತು. 1973ರಲ್ಲಿ ಕುರಾಬೊ ಗಿರಣಿ ಜಪಾನಿನದೇ ಡೆನಿಮ್ ತಂದಿತು. ಇಷ್ಟಾಗುವಾಗ ಅಮೆರಿಕದಲ್ಲಿ ಉಲ್ಟಾ ನಡೆಯುತ್ತಿತ್ತು. ಅಲ್ಲಿನ ಕಂಪನಿಗಳು ಅಗಲದ ಮಗ್ಗಕ್ಕೆ ಹೋದವು. 1980ರ ದಶಕದಲ್ಲಿ ಲೀವೈಸ್ ಕೂಡ ಕೆಂಪು ಅಂಚಿನ ಬಟ್ಟೆ ಬಿಟ್ಟಿತು. ಜಪಾನಿನ ಸಂಗ್ರಹಕಾರರು ಅಮೆರಿಕದ ಊರೂರು ತಿರುಗಿ ಹಳೇ ಅಂಗಡಿಗಳ ಗೋದಾಮಿನಿಂದ ಮಾರದೆ ಉಳಿದ ಪ್ಯಾಂಟು ಹುಡುಕಿ ತಂದರು. ಅದೂ ಮುಗಿಯುತ್ತಾ ಬಂತು. ಆಗ ಒಸಾಕಾದ ಕೆಲವರು ಹಳೇ ಪ್ಯಾಂಟು ಬಿಚ್ಚಿ, ನೂಲು ನೋಡಿ, ಹೊಲಿಗೆ ಎಣಿಸಿ, ಅದೇ ಥರ ನೇಯಿಸಿ ಹೊಲಿಸಿದರು. ಸ್ಟುಡಿಯೊ ದಾರ್ಟಿಸಾನ್, ಡೆನೀಮ್, ಎವಿಸು, ಫುಲ್‌ಕೌಂಟ್, ವೇರ್‌ಹೌಸ್. ಒಸಾಕಾ ಐವರು ಅಂತಲೇ ಇವರನ್ನು ಕರೆಯುತ್ತಾರೆ. ಅಮೆರಿಕದಲ್ಲಿ ಗ್ರೀನ್ಸ್‌ಬರೊದ ವೈಟ್ ಓಕ್ ಗಿರಣಿ ಮಾತ್ರ ಉಳಿದಿತ್ತು. 1905ರಲ್ಲಿ ಶುರುವಾಗಿದ್ದು. 2017ರ ಕೊನೆಗೆ ಅದೂ ಮುಚ್ಚಿತು.

ಅದಕ್ಕೇ ಅಕ್ಕ ನಕಲು ಅಂದಾಗ ನನಗೆ ಬೇಜಾರಾಗುತ್ತದೆ. ಮೂಲದವರು ಕೈಬಿಟ್ಟ ಕೆಲಸವನ್ನು ಇವರು ಕಲಿತು ಉಳಿಸಿಕೊಂಡಿದ್ದಾರೆ.

ಅಕ್ಕ: ಉಳಿಸಿದ್ದು ಒಪ್ಪುತ್ತೇನೆ. ಆದರೆ ಏನನ್ನೆಲ್ಲಾ ಉಳಿಸಬೇಕು ಅಂತ ಕೇಳಬೇಕಲ್ವಾ? 2022ರಲ್ಲಿ ಹಳೇ ಗಣಿಯಲ್ಲಿ ಸಿಕ್ಕ 1880ರ ದಶಕದ ಲೀವೈಸ್ ಪ್ಯಾಂಟು ಹರಾಜಾಯಿತು. ಕಮಿಷನ್ ಸೇರಿ 87 ಸಾವಿರ ಡಾಲರ್. ಆ ಪ್ಯಾಂಟಿನ ಜೇಬಿನ ಒಳಗೆ ಏನು ಅಚ್ಚಾಗಿತ್ತು ಗೊತ್ತಾ? ಬಿಳಿಯರ ದುಡಿಮೆಯಿಂದ ಮಾಡಿದ ಒಂದೇ ಒಂದು ಬಗೆ ಇದು ಅಂತ. 1882ರಲ್ಲಿ ಚೀನಾದ ಕೂಲಿಗಳು ಅಮೆರಿಕಕ್ಕೆ ಬರದಂತೆ ಕಾನೂನು ಮಾಡಿದ ಕಾಲ. ಆ ಕಾಲದ ಬಟ್ಟೆಯನ್ನು ಒಂದು ಗುಂಡಿಯೂ ಬಿಡದೆ ಮರುಸೃಷ್ಟಿ ಮಾಡಿ ಸಂಭ್ರಮಿಸುವುದು ನನಗೆ ಕಷ್ಟ ಕಣೋ.

ನಾನು: ಗೊತ್ತು ಅಕ್ಕ. ಆ ಸಾಲು ಹೊಲಸು. ಹಳೇ ಜೀನ್ಸ್ ಪ್ರೀತಿಸುವವರು ಆ ಸಾಲನ್ನು ಮುಚ್ಚಿಡಬಾರದು. ಹರಾಜಿನ ಸುದ್ದಿ ಬಂದಾಗ ನಮ್ಮ ಒಸಾಕಾ ಗೆಳೆಯರ ನಡುವೆಯೂ ಇದೇ ಮಾತು ಬಂತು. ಆದರೆ ಆ ಪ್ಯಾಂಟಿಗೆ ರಿವೆಟ್, ಅಂದರೆ ಜೇಬಿನ ಮೂಲೆಯ ಲೋಹದ ಮೊಳೆ, ಬಂದಿದ್ದು ಯಾರಿಂದ? ರೀನೊ ಊರಿನ ಜೇಕಬ್ ಡೇವಿಸ್ ಅನ್ನುವ ದರ್ಜಿಯಿಂದ. ಮರ ಕಡಿಯುವವನೊಬ್ಬನ ಹೆಂಡತಿ ಬಂದು, ಗಂಡನ ಪ್ಯಾಂಟು ಹರಿಯದಂತೆ ಹೊಲಿದು ಕೊಡು ಅಂದಳು. ಜೇಬಿನ ಮೂಲೆಗೆ ತಾಮ್ರದ ರಿವೆಟ್ ಹೊಡೆದ. ಪೇಟೆಂಟಿಗೆ ದುಡ್ಡಿಲ್ಲದೆ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿದ. 1873ರ ಮೇ 20ಕ್ಕೆ ಪೇಟೆಂಟ್ ಸಿಕ್ಕಿತು. ನಾನು ಗೌರವ ಕೊಡುವುದು ಆ ದರ್ಜಿಯ ತಲೆಗೆ.

ಅಕ್ಕ: ದರ್ಜಿಗೆ ಗೌರವ ಸರಿ. ಆ ಸಾಲಿನ ವಿಷಯ ನೀನು ಒಪ್ಪಿದ್ದು ಸಾಕು ನನಗೆ.

ದೊಡ್ಡಪ್ಪ: ಫೋಟೊದಲ್ಲಿ ಮೇಲೆ ಹಾಕಿಕೊಂಡಿರುವ ಪಟ್ಟೆ ಕೋಟು ಏನು?

ನಾನು: ಅಮೆರಿಕದ ರೈಲು ಕೆಲಸಗಾರರು ಹಾಕುತ್ತಿದ್ದ ಕೋಟು ದೊಡ್ಡಪ್ಪ. ಹಿಕರಿ ಪಟ್ಟೆ ಅನ್ನುತ್ತಾರೆ. ಸಣ್ಣ ಪಟ್ಟೆ ಇದ್ದರೆ ಮಸಿ, ಎಣ್ಣೆ ಕಲೆ ಕಣ್ಣಿಗೆ ಬೀಳುವುದಿಲ್ಲ. ಮೂರು ಸಾಲು ಹೊಲಿಗೆ, ಗಡಿಯಾರಕ್ಕೆ ಬೇರೆ ಜೇಬು. ಇದೂ ಜಪಾನಿನಲ್ಲೇ ಹೊಲಿದಿದ್ದು.

ದೊಡ್ಡಪ್ಪ: ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಜೀವನ ಕಳೆದವನು. ಆ ನೀಲಿ ಬಟ್ಟೆ ಬಿಚ್ಚಿ, ಕೈ ತೊಳೆದು, ಬಿಳಿ ಅಂಗಿ ಹಾಕಿಕೊಂಡು ಮನೆಗೆ ಬರುತ್ತಿದ್ದೆವು. ಯಾರೂ ಅದನ್ನು ಹಾಕಿಕೊಂಡು ಮದುವೆಗೆ ಹೋಗಲಿಲ್ಲ. ಎ.ಸಿ. ರೂಮಲ್ಲಿ ಕೂತು ಕೆಲಸ ಮಾಡುವ ಹುಡುಗರು ಗ್ಯಾಂಗ್‌ಮ್ಯಾನ್ ಕೋಟಿಗೆ ದುಡ್ಡು ಸುರಿಯುವುದು ನನಗೆ ಹಿಡಿಸುವುದಿಲ್ಲ.

ನಾನು: ಅದನ್ನು ಬಿಚ್ಚಿಟ್ಟು ಬರಬೇಕು ಅಂತ ನಿಮಗೆ ಯಾಕೆ ಅನ್ನಿಸಬೇಕಿತ್ತು ದೊಡ್ಡಪ್ಪ? ದುಡಿಯುವವರ ಬಟ್ಟೆಗೆ ಮರ್ಯಾದೆ ಕಮ್ಮಿ ಅಂತ ತಾನೆ? ಇಲ್ಲಿ ಅದೇ ಬಟ್ಟೆಯ ಒಂದೊಂದು ಹೊಲಿಗೆಯನ್ನೂ ಕಲಿತು ಮರ್ಯಾದೆ ಕೊಡುತ್ತಾರೆ. ಯುದ್ಧದ ಕಾಲದ ಲೀವೈಸ್ ಪ್ಯಾಂಟನ್ನೇ ತಗೊಳ್ಳಿ. 1944ರ ಹೊತ್ತಿಗೆ ಅಮೆರಿಕದಲ್ಲಿ ಲೋಹ, ದಾರ ಉಳಿಸಬೇಕು ಅಂತ ಸರ್ಕಾರದ ಕಟ್ಟುನಿಟ್ಟು. ಗಡಿಯಾರ ಜೇಬಿನ ರಿವೆಟ್ ತೆಗೆದರು, ಹಿಂದಿನ ಬಕಲ್ ತೆಗೆದರು, ಹಿಂದಿನ ಜೇಬಿನ ಕಮಾನು ಹೊಲಿಗೆಗೆ ಬದಲು ಬಣ್ಣ ಬಳಿದರು. ಒಗೆದರೆ ಆ ಬಣ್ಣ ಹೋಗುತ್ತಿತ್ತು. ಇಲ್ಲಿನವರು ಅದನ್ನೂ ಹಾಗೇ ಮಾಡುತ್ತಾರೆ, ಬಣ್ಣದ ಕಮಾನನ್ನೂ ಸೇರಿಸಿ. ಬರದ ಕಾಲದಲ್ಲಿ ಹೊಲಿದವರು ಏನೇನು ಬಿಟ್ಟರು ಅನ್ನುವುದು ಬಟ್ಟೆಯಲ್ಲೇ ಗೊತ್ತಾಗುತ್ತದೆ.

ದೊಡ್ಡಪ್ಪ: ನನಗೆ ಬಟ್ಟೆಯ ಮರ್ಯಾದೆ ಬೇಕಿರಲಿಲ್ಲ. ಓವರ್‌ಟೈಮ್ ಸರಿಯಾಗಿ ಸಿಕ್ಕಿದ್ದರೆ ಸಾಕಿತ್ತು.

ಬಳ್ಳಾರಿ ಮಾವ: ಭಾವ ಸರಿಯಾಗಿ ಹೇಳಿದರು. ಈಗ ನನ್ನ ಮಾತು ಕೇಳು. ನೀನು ಮಾಸುವುದು, ಸವೆಯುವುದು ಅಂದೆಯಲ್ಲ. ನಮ್ಮಲ್ಲಿ ಗಿರಾಕಿ ಅದನ್ನು ಹೊಸ ಪ್ಯಾಂಟಿನಲ್ಲೇ ಕೇಳುತ್ತಾನೆ. ಹೊಲಿದ ಪೀಸು ವಾಷಿಂಗ್ ಯೂನಿಟ್‌ಗೆ ಹೋಗುತ್ತದೆ. ಕಲ್ಲು ಹಾಕಿ ತಿರುಗಿಸುತ್ತಾರೆ, ತೊಡೆ ಮೇಲೆ ಉಜ್ಜುತ್ತಾರೆ, ಬಣ್ಣ ತೆಗೆಯುವ ಪರ್ಮಾಂಗನೇಟ್ ಸ್ಪ್ರೇ ಹೊಡೆಯುತ್ತಾರೆ. ನಿನ್ನ ಹಾಗೆ ಎಲ್ಲರೂ ಒಗೆಯದ ಪ್ಯಾಂಟು ತಗೊಂಡರೆ ಅಷ್ಟೂ ಜನ ಎಲ್ಲಿಗೆ ಹೋಗಬೇಕು?

ನಾನು: ಆ ಜನರ ಆರೋಗ್ಯಕ್ಕಾಗಿಯೇ ಹೇಳುತ್ತಿದ್ದೇನೆ ಮಾವ. ಟರ್ಕಿಯಲ್ಲಿ ಮರಳು ಹೊಡೆದು ಜೀನ್ಸ್ ಮಾಸಿಸುತ್ತಿದ್ದ ಹುಡುಗರಿಗೆ ಸಿಲಿಕೋಸಿಸ್ ಬಂತು. ಧೂಳು ಶ್ವಾಸಕೋಶದಲ್ಲಿ ಕೂತು ಎಷ್ಟೋ ಜನ ಸತ್ತರು. 2009ರಲ್ಲಿ ಆ ದೇಶ ಅದನ್ನು ನಿಷೇಧಿಸಬೇಕಾಯಿತು. ಸುಮ್ನೆ ಹಳೇದರ ಹಾಗೆ ಕಾಣಲಿ ಅಂತ ಹೊಸ ಬಟ್ಟೆಯನ್ನು ಹಾಳು ಮಾಡುವುದಕ್ಕೆ ಇಷ್ಟು ನೀರು, ಇಷ್ಟು ಕೆಮಿಕಲ್ ಯಾಕೆ? ನಿಮ್ಮ ಊರಿನ ಚರಂಡಿ ನೀಲಿಯಾಗಿ ಹರಿಯುತ್ತದೆ ಅಂತ ನೀವೇ ಹೇಳಿದ್ದಿರಿ.

ಬಳ್ಳಾರಿ ಮಾವ: ಹೇಳಿದ್ದೆ. ಚರಂಡಿ ನೀಲಿಯಾದರೂ ಶನಿವಾರ ಬಟವಾಡೆ ಆಗಬೇಕಲ್ಲಪ್ಪ.

ಚಿಕ್ಕಮ್ಮ: ಅಣ್ಣ, ಅವನು ಹೇಳುವುದರಲ್ಲೂ ನಿಜ ಇದೆ.

ಬಳ್ಳಾರಿ ಮಾವ: ಇಲ್ಲ ಅನ್ನಲಿಲ್ಲ. ನಮ್ಮ ಊರಲ್ಲಿ ಹಿಂದಿನವರು ಸೈನಿಕರಿಗೆ ಸಮವಸ್ತ್ರ ಹೊಲಿಯುತ್ತಿದ್ದರು ಅಂತ ಹೇಳುತ್ತಾರೆ. ಆಮೇಲೆ ಜೀನ್ಸ್ ಬಂತು. ಕೊಜಿಮಾದ ಕಥೆಯೂ ಹಾಗೇ ಇದೆ. ಅವರದ್ದು 16 ಸಾವಿರಕ್ಕೆ ಹೋಯಿತು, ನಮ್ಮದು ನೂರರ ಲೆಕ್ಕದಲ್ಲೇ ನಿಂತಿತು. ಬಳ್ಳಾರಿಯಲ್ಲಿ ಸ್ವಂತ ಬ್ರ್ಯಾಂಡ್ ಇವೆ. ಹೆಸರೆಲ್ಲಾ ಇಂಗ್ಲಿಷಿನವು. ಹೋದ ವರ್ಷ ಒಬ್ಬ ದೊಡ್ಡ ವ್ಯಾಪಾರಿ ನನ್ನ ಪೀಸಿಗೆ ತನ್ನ ಲೇಬಲ್ ಹಚ್ಚಿ ಮೂರು ಪಟ್ಟಿಗೆ ಮಾರಿದ. ನಾನು ಏನು ಮಾಡಲಿಕ್ಕಾಯಿತು?

ನಾನು: ಕೊಜಿಮಾದವರೂ ಮೊದಲು ಇಂಗ್ಲಿಷ್ ಹೆಸರನ್ನೇ ಇಟ್ಟಿದ್ದರು ಮಾವ. ಕ್ಯಾಂಟನ್, ಬಿಗ್ ಜಾನ್. 2006ರಲ್ಲಿ ಅಲ್ಲೇ ಶುರುವಾದ ಒಂದು ಬ್ರ್ಯಾಂಡಿನ ಹೆಸರು ಮೊಮೊತಾರೊ. ಪೀಚ್ ಹಣ್ಣಿನಿಂದ ಹುಟ್ಟಿದ ಹುಡುಗ, ಒಕಾಯಾಮಾ ಕಡೆಯ ಅಜ್ಜಿ ಕಥೆ. ಹಿಂದಿನ ಜೇಬಿನ ಮೇಲೆ ಎರಡು ಬಿಳಿ ಪಟ್ಟೆ. ಅದನ್ನು ಈಗ ಅಮೆರಿಕದವರು ತರಿಸಿ ಹಾಕಿಕೊಳ್ಳುತ್ತಾರೆ. ನಾನು ಇಷ್ಟೆಲ್ಲಾ ಬರೆಯುತ್ತಿರುವುದು ಅದಕ್ಕೇ. ಬಳ್ಳಾರಿಯ ಕೈಗೆ ಆ ಕೆಲಸ ಬರುವುದಿಲ್ಲ ಅಂತ ನನಗೆ ಅನ್ನಿಸುವುದಿಲ್ಲ.

ಬಳ್ಳಾರಿ ಮಾವ: ಕೈಗೆ ಬರುತ್ತದೆ. ತಗೊಳ್ಳುವವರು ಬೇಕು. ಕಾಲಿನ ಪಟ್ಟಿ ಯಾವ ಮಷಿನ್‌ನಲ್ಲಿ ಮಡಿಚಿದ್ದಾರೆ? ಹುರಿ ತಿರುಗಿದ ಹಾಗೆ ಕಾಣುತ್ತಿದೆ.

ನಾನು: ಯೂನಿಯನ್ ಸ್ಪೆಷಲ್ 43200ಜಿ. ಚೈನ್ ಹೊಲಿಗೆ. ಹಳೇ ಅಮೆರಿಕನ್ ಮಷಿನ್. ಬಟ್ಟೆಯನ್ನು ಒಂದು ಕಡೆಗೆ ಸ್ವಲ್ಪ ಎಳೆಯುತ್ತದೆ, ಅದಕ್ಕೇ ಮಾಸಿದ ಮೇಲೆ ಹುರಿ ಥರ ಕಾಣುವುದು.

ಬಳ್ಳಾರಿ ಮಾವ: ದೀಪಾವಳಿಗೆ ಬರುವಾಗ ಈ ಪ್ಯಾಂಟು ತಾ. ಬಿಚ್ಚಿ ನೋಡಬೇಕು.

ನಾನು: ಇದನ್ನು ಬಿಚ್ಚಲು ಕೊಡುವುದಿಲ್ಲ ಮಾವ. ಕೊಜಿಮಾದಲ್ಲಿ ಬಟ್ಟೆಯನ್ನೂ ಮಾರುತ್ತಾರೆ. ಮೂರು ಮೀಟರ್ ತರುತ್ತೇನೆ.

ಬಳ್ಳಾರಿ ಮಾವ: ಆ ಪನ್ನಕ್ಕೆ ನಿನ್ನ ಸೈಜಿಗೆ ಮೂರರಲ್ಲಿ ಒಂದೇ ಪ್ಯಾಂಟು ಆಗುತ್ತದೆ. ಆರು ತಾ. ಒಂದು ನಿನಗೆ, ಒಂದು ಸ್ಯಾಂಪಲ್‌ಗೆ.

ಚಿಕ್ಕಮ್ಮ: ಬರುವಾಗ ಆ ಪ್ಯಾಂಟು ಒಗೆದುಕೊಂಡು ಬಾ. ದಿವಾನಕ್ಕೆ ಹೊಸ ಹೊದಿಕೆ ಹಾಕಿದ್ದೇನೆ.