ಕ್ವೇಲ್ 200 ಇವೆ, ಮೊಟ್ಟೆ 78 ಮಾತ್ರ: ಗುಂಪಿನ ಪ್ರಶ್ನೋತ್ತರ

ಪ್ರಶ್ನೆ, ಶಿರಾ ಕಡೆಯ ಸಾಕಣೆದಾರರು:
ನಮಸ್ಕಾರ ಮೇಡಂ. ಜಪಾನಿ ಕ್ವೇಲ್ (ಲಾವಕ್ಕಿ ಜಾತಿಯ ಸಾಕು ಹಕ್ಕಿ) 200 ಸಾಕಿದ್ದೇನೆ. 3 ವಾರದ ಮರಿ ತಂದು 8 ವಾರ ಆಯ್ತು. ದಿನಕ್ಕೊಂದು ಮೊಟ್ಟೆ ಖಂಡಿತ ಅಂತ ಹೇಳಿ ಕೊಟ್ಟಿದ್ದರು. ಈಗ ದಿನಕ್ಕೆ 75ರಿಂದ 80 ದಾಟುತ್ತಿಲ್ಲ. ಬ್ರಾಯ್ಲರ್ ಫಿನಿಷರ್ (ಮಾಂಸದ ಕೋಳಿಗೆ ಕೊನೆಯ ಹಂತದಲ್ಲಿ ಕೊಡುವ ಫೀಡು) ಹಾಕುತ್ತಿದ್ದೇನೆ. ನೆಲದ ಮೇಲೆ ಭತ್ತದ ಹೊಟ್ಟಿನ ಹಾಸು. ಬೆಳಿಗ್ಗೆ 8ಕ್ಕೆ ಮೊಟ್ಟೆ ಆರಿಸುತ್ತೇವೆ. ಕೆಲವು ಮುಟ್ಟಿದರೇ ಒಡೆಯುತ್ತವೆ. ಯಾವ ಟಾನಿಕ್ ಕೊಡಲಿ?

ಉತ್ತರ, ಪಶುವೈದ್ಯೆ:
ಟಾನಿಕ್ ಮಾತು ಆಮೇಲೆ. ಮೊದಲು 200ರಲ್ಲಿ ಹೆಣ್ಣು ಎಷ್ಟಿವೆ ಎಣಿಸಿ. ಮರಿ ಕೊಡುವವರು ಸಾಮಾನ್ಯವಾಗಿ ಗಂಡು ಹೆಣ್ಣು ಬೆರೆಸಿಯೇ ಕೊಡುತ್ತಾರೆ, ಹಾಗಾಗಿ ಸುಮಾರು ಅರ್ಧ ಗಂಡೇ ಇರುತ್ತವೆ. ಗುರುತು ಸುಲಭ. ಎದೆಯ ಗರಿ ಒಂದೇ ಸಮ ಇಟ್ಟಿಗೆ ಕೆಂಪಾಗಿದ್ದರೆ ಗಂಡು. ತಿಳಿ ಬಣ್ಣದ ಎದೆಯ ಮೇಲೆ ಕಪ್ಪು ಚುಕ್ಕೆ ಚೆಲ್ಲಿದಂತಿದ್ದರೆ ಹೆಣ್ಣು. ಬಿಳಿ ತಳಿಯಾದರೆ ಗರಿ ನೋಡಿ ಉಪಯೋಗವಿಲ್ಲ. ಹಿಂಭಾಗ ತಿರುಗಿಸಿ ಮಲದ್ವಾರದ ಮೇಲಿನ ಉಬ್ಬನ್ನು ಮೆಲ್ಲಗೆ ಒತ್ತಿ, ಬೆಳೆದ ಗಂಡಾದರೆ ಬಿಳಿ ನೊರೆ ಬರುತ್ತದೆ. ಎಣಿಸಿ ಹೇಳಿದ ಮೇಲೆ ಮುಂದಿನದು ಮಾತಾಡೋಣ.

ಅದೇ ಸಾಕಣೆದಾರರು, ಮರುದಿನ:
ಹೆಣ್ಣು 112, ಗಂಡು 88 ಇವೆ ಮೇಡಂ.

ಉತ್ತರ, ಪಶುವೈದ್ಯೆ:
ಹಾಗಾದರೆ ನಿಮ್ಮದು 200ಕ್ಕೆ 78 ಅಲ್ಲ, 112ಕ್ಕೆ 78. ಅಂದರೆ ಶೇ. 70. ಕ್ವೇಲ್ 6ರಿಂದ 7ನೇ ವಾರಕ್ಕೆ ಮೊಟ್ಟೆ ಶುರು ಮಾಡಿ, 8ನೇ ವಾರಕ್ಕೆ ಶೇ. 50 ಮುಟ್ಟಿ, 10ನೇ ವಾರದ ಹೊತ್ತಿಗೆ ಶೇ. 80ಕ್ಕೆ ಬರಬೇಕು. ನಿಮ್ಮವಕ್ಕೆ 11 ವಾರ. ಕೊರತೆ ಇರುವುದು ದಿನಕ್ಕೆ 12ರಿಂದ 15 ಮೊಟ್ಟೆ ಅಷ್ಟೇ. ದಿನಕ್ಕೊಂದು ಖಂಡಿತ ಎಂಬುದು ಮಾರುವವರ ಮಾತು. ಒಳ್ಳೆಯ ತಳಿಯ ಒಂದು ಹೆಣ್ಣು ಒಳ್ಳೆಯ ಆರೈಕೆಯಲ್ಲಿ ವರ್ಷಕ್ಕೆ 250ರಿಂದ 280 ಇಡುತ್ತದೆ.

ಆ 12ರಿಂದ 15 ಎಲ್ಲಿ ಹೋಗುತ್ತಿವೆ ಎಂಬುದು ನಿಮ್ಮ ಪ್ರಶ್ನೆಯಲ್ಲೇ ಇದೆ.

ಒಂದು, ಆರಿಸುವ ಹೊತ್ತು. ಕೋಳಿ ಬೆಳಿಗ್ಗೆ ಇಡುತ್ತದೆ, ಕ್ವೇಲ್ ಹಾಗಲ್ಲ. ಮುಕ್ಕಾಲು ಪಾಲು ಮೊಟ್ಟೆ ಮಧ್ಯಾಹ್ನ 3ರಿಂದ ಸಂಜೆ 6ರ ಒಳಗೆ ಬೀಳುತ್ತವೆ, ಉಳಿದವು ಕತ್ತಲಾದ ಮೇಲೆ. ನೀವು 8ಕ್ಕೆ ಆರಿಸುವವರೆಗೆ ಅವು ರಾತ್ರಿಯಿಡೀ 200 ಹಕ್ಕಿಗಳ ಕಾಲಡಿ ಇರುತ್ತವೆ. ಕೆಲವು ಹೊಟ್ಟಿನಲ್ಲಿ ಹೂತು ಹೋಗುತ್ತವೆ, ತೆಳು ಚಿಪ್ಪಿನವು ಒಡೆದು ಅಲ್ಲೇ ಖಾಲಿಯಾಗುತ್ತವೆ. ಸಂಜೆ 6.30ಕ್ಕೊಮ್ಮೆ, ಬೆಳಿಗ್ಗೆ ಎದ್ದ ಕೂಡಲೇ ಇನ್ನೊಮ್ಮೆ ಆರಿಸಿ. ಹೊಟ್ಟನ್ನು ಕೈಯಾಡಿಸಿ ನೋಡಿ.

ಎರಡು, ಫೀಡು. ತೊಂದರೆಯ ಬೇರು ಇದೇ. ಒಂದು ಮೊಟ್ಟೆ 11 ಗ್ರಾಂ ಎಂದುಕೊಳ್ಳಿ. ಚಿಪ್ಪು ಅದರಲ್ಲಿ ಶೇ. 8, ಅಂದರೆ 0.9 ಗ್ರಾಂ. ಅದರಲ್ಲಿ ಕ್ಯಾಲ್ಸಿಯಂ 0.34 ಗ್ರಾಂ. ಹಕ್ಕಿ ದಿನಕ್ಕೆ ತಿನ್ನುವುದು 25ರಿಂದ 30 ಗ್ರಾಂ. ಬ್ರಾಯ್ಲರ್ ಫಿನಿಷರ್‌ನಲ್ಲಿ ಕ್ಯಾಲ್ಸಿಯಂ ಹೆಚ್ಚೆಂದರೆ ಶೇ. 1. ಹಾಗಾದರೆ 28 ಗ್ರಾಂ ತಿಂದರೂ ಒಳಗೆ ಹೋಗುವುದು 0.28 ಗ್ರಾಂ, ಅದೂ ಪೂರ್ತಿ ದಕ್ಕುವುದಿಲ್ಲ. ಉಳಿದದ್ದನ್ನು ಹಕ್ಕಿ ತನ್ನ ಎಲುಬಿನಿಂದ ತೆಗೆದು ಕೊಡುತ್ತದೆ. ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಮೊಟ್ಟೆ ನಿಲ್ಲುತ್ತದೆ, ಕೊನೆಗೆ ಕಾಲು ಸೋತು ಕೂರುತ್ತದೆ. ಹಾಗಂತ ಮೊಟ್ಟೆ ಕೋಳಿಗೆ ಹಾಕುವ ಲೇಯರ್ ಫೀಡ್ ತಂದು ಸುರಿಯಬೇಡಿ. ಅದರಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಪ್ರೋಟೀನ್ ಶೇ. 16ರಿಂದ 17. ಕ್ವೇಲ್‌ಗೆ ಶೇ. 20ರ ಹತ್ತಿರ ಬೇಕು.

ಮನೆಯಲ್ಲೇ ಬೆರೆಸುವುದಾದರೆ 100 ಕಿಲೋಗೆ ಹೀಗೆ: ಮೆಕ್ಕೆಜೋಳದ ನುಚ್ಚು 52 ಕಿಲೋ, ಸೋಯಾ ಹಿಂಡಿ 33, ಎಣ್ಣೆ ತೆಗೆದ ಅಕ್ಕಿ ತೌಡು 5, ಕಪ್ಪೆಚಿಪ್ಪಿನ ಚೂರು 6, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) 1.5, ಅಡುಗೆ ಎಣ್ಣೆ 1.5, ಉಪ್ಪು 350 ಗ್ರಾಂ, ಲೇಯರ್ ಪ್ರೀಮಿಕ್ಸ್ (ವಿಟಮಿನ್, ಖನಿಜಗಳ ಪುಡಿ) 500 ಗ್ರಾಂ, ಮೆಥಿಯೋನಿನ್ (ಒಂದು ಅಮೈನೋ ಆಮ್ಲ) 150 ಗ್ರಾಂ. ಪ್ರೋಟೀನ್ ಶೇ. 20, ಕ್ಯಾಲ್ಸಿಯಂ ಶೇ. 2.7ರ ಆಸುಪಾಸು ಬರುತ್ತದೆ. ಪ್ರೀಮಿಕ್ಸ್ ಪೊಟ್ಟಣದ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಹಿಡಿಯಿರಿ. ಪ್ರೀಮಿಕ್ಸ್ ಮತ್ತು ಮೆಥಿಯೋನಿನ್ ಅನ್ನು ಮೊದಲು 2 ಕಿಲೋ ನುಚ್ಚಿನಲ್ಲಿ ಬೆರೆಸಿ, ಆಮೇಲೆ ರಾಶಿಗೆ ಸೇರಿಸಿ. ನೇರ ಸುರಿದರೆ ಒಂದು ಮೂಲೆಯಲ್ಲೇ ಉಳಿದುಬಿಡುತ್ತದೆ. ಬೂಸ್ಟು ಹಿಡಿದ ಮೆಕ್ಕೆಜೋಳ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಮೊಟ್ಟೆಯನ್ನೂ ಇಳಿಸುತ್ತದೆ, ಲಿವರ್ ಅನ್ನೂ ಕೆಡಿಸುತ್ತದೆ.

ಮೂರು, ಬೆಳಕು. ನಮ್ಮಲ್ಲಿ ಹಗಲು ಚಳಿಗಾಲದಲ್ಲಿ ಹನ್ನೊಂದೂವರೆ ತಾಸು, ಬೇಸಿಗೆಯಲ್ಲಿ ಹದಿಮೂರರ ಹತ್ತಿರ. ಮೊಟ್ಟೆಯ ಹಕ್ಕಿಗೆ 16 ತಾಸು ಬೇಕು. ಬೆಳಿಗ್ಗೆ 4ರಿಂದ ಬೆಳಕು ಹರಿಯುವವರೆಗೆ, ಮತ್ತೆ ಕತ್ತಲಾದಾಗಿನಿಂದ ರಾತ್ರಿ 8ರವರೆಗೆ ದೀಪ. ಒಂದೇ ದಿನಕ್ಕೆ ಏರಿಸಬೇಡಿ, ವಾರಕ್ಕೆ ಅರ್ಧ ತಾಸಿನಂತೆ ಏರಿಸಿ. 10 ಅಡಿ ಚದರದ ಕೋಣೆಗೆ 9 ವ್ಯಾಟಿನ ಒಂದು ಎಲ್‌ಇಡಿ ಸಾಕು. ಮುಖ್ಯವಾದದ್ದು ದೀಪದ ಪ್ರಖರತೆಯಲ್ಲ, ಹೊತ್ತು ತಪ್ಪದಿರುವುದು. ಒಂದು ವಾರ ಮರೆತರೆ ಹಕ್ಕಿ ಹಗಲು ಚಿಕ್ಕದಾಯಿತೆಂದು ಮೊಟ್ಟೆ ಇಳಿಸುತ್ತದೆ, ಮತ್ತೆ ಏರಿಸಲು ವಾರಗಳೇ ಬೇಕು. ಟೈಮರ್ ಸ್ವಿಚ್ ಹಾಕಿಸಿ.

ಇನ್ನು ಆ 88 ಗಂಡು. ತಿನ್ನುವ ಮೊಟ್ಟೆ ಮಾರುವುದಾದರೆ ಒಂದೂ ಬೇಡ. ದಿನಕ್ಕೆ 2 ಕಿಲೋಗಿಂತ ಹೆಚ್ಚು ಫೀಡು ಸುಮ್ಮನೆ ಹೋಗುತ್ತಿದೆ. ಮಾಂಸಕ್ಕೆ 5 ವಾರಕ್ಕೇ ತೆಗೆಯಬೇಕಿತ್ತು, ಈಗಲಾದರೂ ತೆಗೆಯಿರಿ.

ಪ್ರಶ್ನೆ, ಚನ್ನರಾಯಪಟ್ಟಣದಿಂದ:
ಗಂಡು ಇಲ್ಲದೆ ಹೆಣ್ಣು ಮೊಟ್ಟೆ ಇಡುತ್ತದೆಯೇ ಮೇಡಂ?

ಉತ್ತರ, ಪಶುವೈದ್ಯೆ:
ಇಡುತ್ತದೆ, ಅಷ್ಟೇ ಸಂಖ್ಯೆಯಲ್ಲಿ. ಮರಿ ಆಗುವುದಿಲ್ಲ, ಅಷ್ಟೇ. ಇಂಥ ಮೊಟ್ಟೆಯಲ್ಲಿ ಭ್ರೂಣ ಬೆಳೆಯುವ ಭಯವಿಲ್ಲ, ಬೇಸಿಗೆಯಲ್ಲಿ ತಾಳಿಕೆಯೂ ಚೆನ್ನ.

ಪ್ರಶ್ನೆ, ಹಾವೇರಿಯಿಂದ:
ನಾವು ಮರಿ ಮಾಡಿ ಮಾರಬೇಕೆಂದಿದ್ದೇವೆ. ಇನ್‌ಕ್ಯುಬೇಟರ್‌ಗೆ 300 ಮೊಟ್ಟೆ ಇಟ್ಟರೆ 96 ಮರಿ ಬಂತು. ಕ್ವೇಲ್ ತಾನೇ ಕಾವು ಕೂರುವುದಿಲ್ಲವೇ? ಮಿಷನ್‌ನದೇ ದೋಷವೇ?

ಉತ್ತರ, ಹ್ಯಾಚರಿ ತಂತ್ರಜ್ಞ:
ಅಣ್ಣ, ಸಾಕು ಕ್ವೇಲ್ ಕಾವು ಕೂರುವ ಗುಣವನ್ನೇ ಕಳೆದುಕೊಂಡಿದೆ. ಕಾವು ಕೂರದ ಕಾರಣಕ್ಕೇ ಬಿಡುವಿಲ್ಲದೆ ಇಡುತ್ತದೆ. ಹಾಗಾಗಿ ಮಿಷನ್ ಬೇಕೇ ಬೇಕು. ಆದರೆ ಮಿಷನ್ ಬೈಯುವ ಮೊದಲು ಒಡೆಯದೆ ಉಳಿದ ಮೊಟ್ಟೆಗಳನ್ನು ಒಡೆದು ನೋಡಬೇಕು. ಕ್ವೇಲ್ ಮೊಟ್ಟೆಯ ಚಿಪ್ಪಿನ ಮೇಲೆ ಕಪ್ಪು ಮಚ್ಚೆ ಇರುವುದರಿಂದ ಟಾರ್ಚ್ ಹಿಡಿದು ನೋಡುವುದು ಅಷ್ಟು ಸರಿ ಬರುವುದಿಲ್ಲ. 19ನೇ ದಿನ 40 ಮೊಟ್ಟೆ ಒಡೆದು ಗುಂಪು ಮಾಡಿ.

ಒಳಗೆ ಹೊಸ ಮೊಟ್ಟೆಯಂತೆಯೇ ಹಳದಿ ಇದ್ದರೆ ಅದು ಫಲವಾಗಿಯೇ ಇಲ್ಲ. ತಪ್ಪು ಗಂಡು ಹೆಣ್ಣಿನ ಲೆಕ್ಕದಲ್ಲಿ. 2ರಿಂದ 3 ಹೆಣ್ಣಿಗೆ ಒಂದು ಗಂಡು ಬೇಕು, ಕೋಳಿಯ ಹಾಗೆ 10ಕ್ಕೆ ಒಂದು ಸಾಲದು. ಮರಿಗೆ ಇಡುವ ಮೊಟ್ಟೆ 10ರಿಂದ 30 ವಾರದ ಹಕ್ಕಿಗಳದ್ದಿರಲಿ. ಹೆಣ್ಣಿನ ಜೊತೆ ಗಂಡು ಬಿಟ್ಟ ಮೇಲೆ ಮೊದಲ 4 ದಿನದ ಮೊಟ್ಟೆ ತಿನ್ನಲು ಮಾರಿ, ಆಮೇಲಿನದ್ದು ಇಡಿ.

ರಕ್ತದ ಉಂಗುರ ಕಂಡರೆ 2ರಿಂದ 4ನೇ ದಿನದಲ್ಲಿ ಸತ್ತದ್ದು. ಮೊಟ್ಟೆ ಹಳೆಯದು, ಇಲ್ಲವೇ ಬಿಸಿಯಲ್ಲಿ ಇಟ್ಟಿದ್ದು. 15ರಿಂದ 18 ಡಿಗ್ರಿಯಲ್ಲಿ 7 ದಿನ ದಾಟಬಾರದು. ಅಷ್ಟು ತಂಪು ಜಾಗ ಇಲ್ಲದಿದ್ದರೆ 3 ದಿನಕ್ಕೊಮ್ಮೆ ಮಿಷನ್ ತುಂಬಿಸಿ.

ಮರಿ ಪೂರ್ತಿ ಬೆಳೆದು ಚಿಪ್ಪು ಕುಕ್ಕದೆ ಸತ್ತಿದ್ದರೆ ಬಿಸಿ, ತೇವ, ತಿರುಗಿಸುವುದು ಇವುಗಳಲ್ಲಿ ಒಂದು ತಪ್ಪಿದೆ. ಫ್ಯಾನ್ ಇರುವ ಮಿಷನ್‌ಗೆ 37.5 ಡಿಗ್ರಿ, ತೇವಾಂಶ ಶೇ. 60. ಮೊಟ್ಟೆಯ ಚೂಪು ತುದಿ ಕೆಳಗಿರಲಿ. ಕೋಳಿ ಮೊಟ್ಟೆಯ ಟ್ರೇಯಲ್ಲಿ ಕ್ವೇಲ್ ಮೊಟ್ಟೆ ಅಡ್ಡ ಬೀಳುತ್ತದೆ, ಅದಕ್ಕೆಂದೇ ಸಣ್ಣ ಗುಳಿಯ ಟ್ರೇ ಬರುತ್ತದೆ. ಕೈಯಲ್ಲಿ ತಿರುಗಿಸುವುದಾದರೆ ದಿನಕ್ಕೆ 5 ಸಲವಾದರೂ ಆಗಬೇಕು, ಬೆಸ ಸಂಖ್ಯೆ ಇರಲಿ, ಆಗ ರಾತ್ರಿ ಪ್ರತಿ ದಿನವೂ ಒಂದೇ ಮಗ್ಗುಲಲ್ಲಿ ಉಳಿಯುವುದಿಲ್ಲ.

ಚಿಪ್ಪು ಕುಕ್ಕಿ, ಅಂಟಿಕೊಂಡು ಸತ್ತಿದ್ದರೆ ಕೊನೆಯ ಮೂರು ದಿನ ಒಣಗಿದೆ. 14 ದಿನ ಮುಗಿದು 15ಕ್ಕೆ ಮೊಟ್ಟೆಯನ್ನು ಮರಿ ಹೊರಬರುವ ಪೆಟ್ಟಿಗೆಯಾದ ಹ್ಯಾಚರ್‌ಗೆ ಸಾಗಿಸಿ, ತಿರುಗಿಸುವುದು ನಿಲ್ಲಿಸಿ, ತೇವಾಂಶ ಶೇ. 70ಕ್ಕೆ ಏರಿಸಿ. 17ರಿಂದ 18ನೇ ದಿನಕ್ಕೆ ಮರಿ ಬರುತ್ತದೆ. ಒಂದು ಮರಿ ಕಂಡಿತೆಂದು ಬಾಗಿಲು ತೆರೆದು ನೋಡುತ್ತಾ ಕೂತರೆ ಉಳಿದ ಮರಿಗಳ ಪೊರೆ ಒಣಗಿ ಅವು ಒಳಗೇ ಸಿಕ್ಕಿಕೊಳ್ಳುತ್ತವೆ.

ಕರೆಂಟು ಹೋದರೂ ಬಾಗಿಲು ತೆರೆಯಬೇಡಿ, ಗಾಳಿಯ ಕಿಂಡಿ ಬಿಟ್ಟು ಉಳಿದದ್ದನ್ನು ಕಂಬಳಿಯಿಂದ ಮುಚ್ಚಿ. ಎರಡು ತಾಸು ತಣ್ಣಗಾದರೆ ಮರಿ ಸ್ವಲ್ಪ ತಡವಾಗುತ್ತದೆ, ಅಷ್ಟೇ. ಥರ್ಮೋಸ್ಟಾಟ್ ಕೆಟ್ಟು 40 ದಾಟಿದರೆ ಮಾತ್ರ ಮಿಷನ್ ತುಂಬ ಸತ್ತ ಮರಿ.

ಪಶುವೈದ್ಯೆ:
ಇದಕ್ಕೊಂದು ಸೇರಿಸುತ್ತೇನೆ. ಹಾವೇರಿಯವರೇ, ನಿಮ್ಮ ಗಂಡೂ ಹೆಣ್ಣೂ ಒಂದೇ ಗುಂಪಿನ ಮರಿಗಳ ಮರಿಗಳೇ? ಒಡಹುಟ್ಟಿದವು ಕೂಡಿದರೆ ಕೋಳಿಗಿಂತ ಕ್ವೇಲ್‌ನಲ್ಲಿ ಪೆಟ್ಟು ಬೇಗ ಕಾಣುತ್ತದೆ. ಎರಡು ಮೂರು ಪೀಳಿಗೆಗೇ ಮರಿ ಒಡೆಯುವುದು, ಮೊಟ್ಟೆಯ ಸಂಖ್ಯೆ, ಮರಿ ಬದುಕುವುದು ಎಲ್ಲ ಇಳಿಯುತ್ತವೆ. ಗಂಡನ್ನು ಬೇರೆ ಮೂಲದಿಂದ ತನ್ನಿ. ಬರೇಲಿ ಹತ್ತಿರದ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ 1974ರಲ್ಲಿ ಈ ಹಕ್ಕಿಯನ್ನು ದೇಶಕ್ಕೆ ತಂದದ್ದು. ಅದರ ಕೋಳಿ ವಿಭಾಗವೇ ಆಮೇಲೆ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆ, ಅಂದರೆ ಕಾರಿ ಆಯಿತು. ಕಾರಿ ಉತ್ತಮ್, ಕಾರಿ ಪರ್ಲ್ ಎಂಬ ಹೆಸರಿನವು ಅಲ್ಲಿಯವೇ. ಪರ್ಲ್ ಮೊಟ್ಟೆಗೆ, ಉತ್ತಮ್ ಮಾಂಸಕ್ಕೆ. ಯಾವುದೆಂದು ಕೇಳದೆ ಮರಿ ಕೊಂಡು ಮೊಟ್ಟೆ ಕಡಿಮೆ ಎಂದರೆ ತಪ್ಪು ಹಕ್ಕಿಯದ್ದಲ್ಲ.

ಪ್ರಶ್ನೆ, ಪುತ್ತೂರಿನಿಂದ:
ಮೊದಲ ವಾರದಲ್ಲೇ 100ಕ್ಕೆ 25 ಮರಿ ಹೋಗುತ್ತವೆ. ನೀರಿನ ಬಟ್ಟಲಲ್ಲೇ ಐದಾರು. ಯಾವ ಲಸಿಕೆ ಹಾಕಿಸಬೇಕು?

ಉತ್ತರ, ಪಶುವೈದ್ಯೆ:
ಲಸಿಕೆಯಿಂದ ತಪ್ಪುವ ಸಾವಲ್ಲ ಇದು. ಹುಟ್ಟಿದ ಮರಿ 7ರಿಂದ 9 ಗ್ರಾಂ, ನಮ್ಮ ಹೆಬ್ಬೆರಳಿನಷ್ಟು. ಕೋಳಿ ಮರಿಯ ಬಟ್ಟಲು ಅದಕ್ಕೆ ಕೆರೆ. ಬಟ್ಟಲಿನ ಅಂಚಿನಲ್ಲಿ ಗೋಲಿ ಅಥವಾ ತೊಳೆದ ಬೆಣಚುಕಲ್ಲು ತುಂಬಿ, ಕೊಕ್ಕು ಮಾತ್ರ ಹೋಗುವಂತಿರಲಿ. ಒದ್ದೆಯಾದ ಮರಿ ಮುಳುಗದಿದ್ದರೂ ಚಳಿಗೆ ಸಾಯುತ್ತದೆ. ನುಣುಪು ದಿನಪತ್ರಿಕೆ ಹಾಸಿದರೆ ಕಾಲು ಅಗಲವಾಗಿ ಜಾರಿ ಏಳಲಾರದಂತಾಗುತ್ತದೆ. ರಟ್ಟಿನ ಅಲೆಯಲೆಯ ಮಗ್ಗುಲು ಮೇಲೆ ಬರುವಂತೆ ಹಾಸಿ, ಇಲ್ಲವೇ ಗೋಣಿ. ಮೊದಲ ವಾರ ಮರಿಯ ಮಟ್ಟದಲ್ಲಿ 35ರಿಂದ 37 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸಿ. ಥರ್ಮಾಮೀಟರ್‌ಗಿಂತ ಮರಿಯನ್ನೇ ನೋಡಿ: ಬಲ್ಬಿನಡಿ ಒಂದರ ಮೇಲೊಂದು ಬಿದ್ದರೆ ಚಳಿ, ಬಾಯಿ ತೆರೆದು ಅಂಚಿಗೆ ಓಡಿದರೆ ಸೆಕೆ. ಫೀಡಿನಲ್ಲಿ ಪ್ರೋಟೀನ್ ಶೇ. 25ರ ಹತ್ತಿರ ಇರಲಿ, ರವೆಯಷ್ಟು ಸಣ್ಣಗೆ ಒಡೆದು ಹಾಕಿ. ನಿಮ್ಮ ಕಡೆ ಮಳೆಗಾಲದಲ್ಲಿ ಹಾಸು ಒದ್ದೆಯಾಗಿ ಬೂಸ್ಟು ಬರುತ್ತದೆ. ಆಗ ಮರಿ ಉಸಿರು ಎಳೆಯುತ್ತಾ ಸಾಯುತ್ತವೆ, ಅದಕ್ಕೆ ಔಷಧಿಗಿಂತ ಒಣ ಹಾಸೇ ಮದ್ದು.

ದೊಡ್ಡವು ನೀರು ನೀರಾಗಿ ಬಿಳಿ ಹಿಕ್ಕೆ ಹಾಕಿ, ಮುದುಡಿ ಕೂತು ಒಂದರ ಹಿಂದೊಂದು ಸತ್ತರೆ ಮಾತ್ರ ಸತ್ತದ್ದನ್ನು ತಡಮಾಡದೆ ಪಶು ಆಸ್ಪತ್ರೆಗೆ ಒಯ್ದು ಕೊಯ್ಯಿಸಿ. ಕರುಳಿನಲ್ಲಿ ಹುಣ್ಣು ಮಾಡುವ ರೋಗ ಕ್ವೇಲ್‌ನಲ್ಲಿ ಬೇಗ ಹರಡುತ್ತದೆ.

ಪ್ರಶ್ನೆ, ಮಾಗಡಿಯಿಂದ:
ಪಂಜರದಲ್ಲಿಟ್ಟರೆ ತಲೆ ಒಡೆದುಕೊಳ್ಳುತ್ತವೆ.

ಉತ್ತರ, ಹ್ಯಾಚರಿ ತಂತ್ರಜ್ಞ:
ಬೆದರಿದರೆ ಕ್ವೇಲ್ ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ಪಂಜರದ ಎತ್ತರ 25 ಸೆಂ.ಮೀ. ಮೀರದಿದ್ದರೆ ನೆಗೆಯಲು ಓಟ ಸಿಗುವುದಿಲ್ಲ. ಒಂದೂವರೆ ಅಡಿ ಎತ್ತರ ಎಲ್ಲಕ್ಕಿಂತ ಕೆಟ್ಟದ್ದು. ಗಾಯ ಹಿಂದಲೆಯಲ್ಲಿದ್ದರೆ ಅದು ಗಂಡಿನ ಕುಕ್ಕು. ಗಂಡು ಕಡಿಮೆ ಮಾಡಿ, ಚದರ ಅಡಿಗೆ 5 ಹಕ್ಕಿಗಿಂತ ಹೆಚ್ಚು ತುಂಬಬೇಡಿ.

ಪ್ರಶ್ನೆ, ಬೆಂಗಳೂರಿನಿಂದ:
ಗೌಜಲ ಹಕ್ಕಿ ಸಾಕಲು ಅರಣ್ಯ ಇಲಾಖೆ ಅನುಮತಿ ಬೇಕಂತೆ? ಒಂದು ಮೊಟ್ಟೆ ಐದು ಕೋಳಿ ಮೊಟ್ಟೆಗೆ ಸಮ ಅಂತಲೂ ಹೇಳುತ್ತಾರೆ.

ಉತ್ತರ, ಪಶುವೈದ್ಯೆ:
ಹೆಸರಿನಿಂದಲೇ ಗೊಂದಲ. ಗೌಜಲು ಬೇರೆ ಹಕ್ಕಿ, ಹೊಲದ ಬದುವಿನಲ್ಲಿ ಕೂಗುವ ದೊಡ್ಡದು. ಕ್ವೇಲ್ ಅಂದರೆ ಲಾವಕ್ಕಿಯ ಜಾತಿ. ಕಾಡಿನ ಗೌಜಲು, ಲಾವಕ್ಕಿ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಜಪಾನಿ ಕ್ವೇಲ್‌ನ ಹೊಸ ಫಾರ್ಮ್‌ಗಳಿಗೂ ತಡೆ ಹಾಕಿ, ಆಮೇಲೆ ಸಡಿಲಿಸಿತು. ಮರಿ ಕೊಂಡ ರಸೀದಿ ಇಟ್ಟುಕೊಳ್ಳಿ, ಸಾಕು ಹಕ್ಕಿ ಎಂಬುದಕ್ಕೆ ಅದು ದಾಖಲೆ.

ಐದಕ್ಕೆ ಸಮ ಎಂಬುದು ತಿರುಗು ಮುರುಗಾಗಿದೆ. ಐದು ಕ್ವೇಲ್ ಮೊಟ್ಟೆ ತೂಗಿದರೆ ಒಂದು ಕೋಳಿ ಮೊಟ್ಟೆ. ಗ್ರಾಂ ಲೆಕ್ಕದಲ್ಲಿ ಪ್ರೋಟೀನ್ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ.

ಶಿರಾದವರು:
ಹಾಗಾದರೆ ಕ್ವೇಲ್ ಬಿಟ್ಟು ಲೇಯರ್ ಕೋಳಿಯೇ ಲಾಭವೇ ಮೇಡಂ?

ಉತ್ತರ, ಪಶುವೈದ್ಯೆ:
ಮೈತೂಕಕ್ಕೆ ಹೋಲಿಸಿದರೆ ಕ್ವೇಲ್‌ನದೇ ಮೇಲುಗೈ. 200 ಗ್ರಾಂ ಹಕ್ಕಿ ವರ್ಷಕ್ಕೆ 3 ಕಿಲೋ ಮೊಟ್ಟೆ, ತನ್ನ ತೂಕದ 15 ಪಟ್ಟು. ಒಂದೂವರೆ ಕಿಲೋ ತೂಗುವ ವೈಟ್ ಲೆಗಾರ್ನ್ ಎಂಬ ಮೊಟ್ಟೆ ಕೋಳಿ 300 ಮೊಟ್ಟೆ ಇಟ್ಟರೆ 16.5 ಕಿಲೋ, 11 ಪಟ್ಟು. ಫೀಡಿನಲ್ಲಿ ಲೆಕ್ಕ ಉಲ್ಟಾ. ಕ್ವೇಲ್ 3 ಕಿಲೋ ಮೊಟ್ಟೆಗೆ 10 ಕಿಲೋ ತಿನ್ನುತ್ತದೆ, ಅಂದರೆ ಕಿಲೋಗೆ 3.3. ಲೆಗಾರ್ನ್ 40 ಕಿಲೋ ತಿಂದು 16.5 ಕೊಡುತ್ತದೆ, ಕಿಲೋಗೆ 2.4. ಹಾಗಾಗಿ ಕ್ವೇಲ್ ಮೊಟ್ಟೆಯನ್ನು ಕೋಳಿ ಮೊಟ್ಟೆಯ ದರದಲ್ಲಿ ತೂಕಕ್ಕೆ ಮಾರಿದರೆ ನಷ್ಟ. ಬಿಡಿ ಲೆಕ್ಕದಲ್ಲಿ, ಹೋಟೆಲಿಗೋ ಅಂಗಡಿಗೋ ಪ್ಯಾಕ್ ಮಾಡಿ ಕೊಡುವ ಗಿರಾಕಿ ಇದ್ದರೆ ಮಾತ್ರ ಸಾಕಿ. ನಿಮ್ಮ 112 ಹಕ್ಕಿಗೆ ದಿನಕ್ಕೆ 3 ಕಿಲೋ ಫೀಡು, 90 ಮೊಟ್ಟೆ ಎಂದು ಹಿಡಿದು, ನಿಮ್ಮೂರಿನ ದರ ಹಾಕಿ ಕೂಡಿಸಿ.

ಶಿರಾದವರು:
ಸರಿ ಮೇಡಂ. ನಿನ್ನೆ ಸಂಜೆ ಹೊಟ್ಟು ಕೆದಕಿದೆವು, ಹೂತಿದ್ದ 9 ಮೊಟ್ಟೆ ಸಿಕ್ಕವು.

ಪಶುವೈದ್ಯೆ:
ಅವು ಎಂದಿನವೋ ಗೊತ್ತಿಲ್ಲ, ಮಾರಬೇಡಿ. ಎಣಿಕೆಯನ್ನು ಇವತ್ತಿನ ಸಂಜೆಯಿಂದ ಶುರು ಮಾಡಿ.