ಶೇ. 70 ತೀರ್ಪುಗಳು ತಾಳೆಯಾದರೂ ಕಪ್ಪಾ ಮೌಲ್ಯ 0.06 ಮಾತ್ರ: ದೋಷ ಎಲ್ಲಿದೆ?

ಪ್ರಶ್ನೆ: ನಮಸ್ಕಾರ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳ ಸಣ್ಣ ಡಿಜಿಟಲ್ ಗ್ರಂಥಾಲಯವೊಂದಕ್ಕೆ ಹುಡುಕಾಟದ ಸೌಲಭ್ಯ ಅಳವಡಿಸಿದ್ದೇವೆ. 40 ಹುಡುಕುಪದಗಳಿಗೆ ತಲಾ ಮೊದಲ 10 ಫಲಿತಾಂಶಗಳಂತೆ 400 ನಮೂದುಗಳನ್ನು ಇಬ್ಬರು ಓದುಗರಿಗೆ ಕೊಟ್ಟು, ಪ್ರಸ್ತುತವೋ ಅಲ್ಲವೋ ಎಂದು ಗುರುತು ಹಾಕಿಸಿದೆವು. 280ರಲ್ಲಿ ಇಬ್ಬರ ತೀರ್ಪೂ ಒಂದೇ. ಆದರೂ ಕೋಹೆನ್ ಕಪ್ಪಾ (ಆಕಸ್ಮಿಕವಾಗಿ ಆಗುವ ತಾಳೆಯನ್ನು ಕಳೆದು ಇಬ್ಬರ ಸಹಮತವನ್ನು ಅಳೆಯುವ ಮಾಪಕ; ಪೂರ್ಣ ಸಹಮತವಿದ್ದರೆ 1) 0.06 ಬರುತ್ತಿದೆ. ಸೂತ್ರವನ್ನು ಎರಡು ಬಾರಿ ಪರಿಶೀಲಿಸಿದ್ದೇನೆ.

ಉತ್ತರ: ಒಬ್ಬೊಬ್ಬರು ಎಷ್ಟು ನಮೂದುಗಳನ್ನು ‘ಪ್ರಸ್ತುತ’ ಎಂದಿದ್ದಾರೆ, ದಯವಿಟ್ಟು ತಿಳಿಸಿ.

ಪ್ರಶ್ನೆ ಕೇಳಿದವರು: ಇಬ್ಬರೂ 320.

ಉತ್ತರ: ಹಾಗಿದ್ದರೆ ಲೆಕ್ಕ ಸರಿಯಾಗಿಯೇ ಇದೆ. ನೂರಕ್ಕೆ 80ನ್ನು ಒಪ್ಪಿಬಿಡುವ ಇಬ್ಬರು ಕಣ್ಣು ಮುಚ್ಚಿ ಗುರುತು ಹಾಕಿದರೂ ಇಬ್ಬರೂ ‘ಪ್ರಸ್ತುತ’ ಎನ್ನುವ 0.8 × 0.8 = 0.64 ಮತ್ತು ಇಬ್ಬರೂ ‘ಅಲ್ಲ’ ಎನ್ನುವ 0.2 × 0.2 = 0.04 ಸೇರಿ ಶೇ. 68ರಷ್ಟು ತೀರ್ಪುಗಳು ತಾವಾಗಿ ತಾಳೆಯಾಗುತ್ತವೆ. ಆಕಸ್ಮಿಕವನ್ನು ಮೀರಿ ನಿಮಗೆ ದಕ್ಕಿರುವುದು 0.70 − 0.68 = 0.02, ಅದನ್ನು ದಕ್ಕಬಹುದಾಗಿದ್ದ ಗರಿಷ್ಠ 1 − 0.68 = 0.32ರಿಂದ ಭಾಗಿಸಿದರೆ ಸುಮಾರು 0.06. ಆದ್ದರಿಂದ ಸೂತ್ರವನ್ನು ಬಿಟ್ಟು, ತೀರ್ಪು ಬೇರೆಯಾದ ಆ 120 ನಮೂದುಗಳನ್ನು ತೆರೆದು ನೋಡಿ. ಓದುಗರಿಗೆ ಹುಡುಕುಪದವನ್ನಷ್ಟೇ ಕೊಟ್ಟಿದ್ದಿರೇ?

ಪ್ರಶ್ನೆ ಕೇಳಿದವರು: ಹೌದು, ಪದವನ್ನಷ್ಟೇ. ‘ಮಾಸ್ತಿ ಕಥೆಗಳು’ ಎಂಬುದರಲ್ಲೇ ಭಿನ್ನಾಭಿಪ್ರಾಯ ಹೆಚ್ಚು. ಕರ್ತೃವಿನ ಹೆಸರು ‘ಶ್ರೀನಿವಾಸ’ ಎಂದಿರುವ ಪುಸ್ತಕಗಳನ್ನು ಒಬ್ಬರು ತಳ್ಳಿಹಾಕಿದ್ದಾರೆ.

ಉತ್ತರ: ಅದು ಮಾಸ್ತಿಯವರ ಕಾವ್ಯನಾಮವೆಂದು ಬಲ್ಲವರಿಗೆ ಆ ನಮೂದು ಪ್ರಸ್ತುತ, ಅರಿಯದವರಿಗೆ ಅಪ್ರಸ್ತುತ. ಇನ್ನು, ಹುಡುಕುವವರಿಗೆ ಬೇಕಿದ್ದುದು ಕಥೆಗಳೋ, ಕಥೆಗಳ ಮೇಲಿನ ವಿಮರ್ಶೆಯೋ ಎಂಬುದನ್ನು ಪದವೊಂದರಿಂದಲೇ ಯಾರೂ ಊಹಿಸಲಾರರು. ಹುಡುಕಾಟ ವ್ಯವಸ್ಥೆಗಳನ್ನು ಹೋಲಿಸಿ ನೋಡಲು 1992ರಲ್ಲಿ ಆರಂಭವಾದ ಟ್ರೆಕ್ (TREC) ಪರೀಕ್ಷೆಗಳಲ್ಲಿ ಹುಡುಕಾಟದ ವಿಷಯದ ಜೊತೆಗೆ, ಎಂಥ ದಾಖಲೆಯನ್ನು ಪ್ರಸ್ತುತವೆನ್ನಬೇಕು, ಎಂಥದನ್ನು ಬಿಡಬೇಕು ಎಂಬ ವಿವರಣೆಯನ್ನೂ ಬರೆದಿಡುತ್ತಿದ್ದರು. ನೀವೂ ಪ್ರತಿ ಪದಕ್ಕೆ ಎರಡು ವಾಕ್ಯ ಬರೆಯಿರಿ. ಕಾವ್ಯನಾಮಗಳನ್ನು ಅಲ್ಲೇ ಸೂಚಿಸಿ. ‘ಭಾಗಶಃ ಪ್ರಸ್ತುತ’ ಎಂಬ ನಡುವಿನ ದರ್ಜೆಯನ್ನೂ ಸೇರಿಸಿ.

ಇನ್ನೊಬ್ಬ ಸದಸ್ಯರು: ಒಂದು ಮಾತು ಸೇರಿಸುತ್ತೇನೆ. ತೀರ್ಪುಗಾರರನ್ನು ಬದಲಿಸಿದಾಗ ಪ್ರಸ್ತುತವೆನಿಸಿಕೊಂಡ ದಾಖಲೆಗಳು ಸಾಕಷ್ಟು ಬದಲಾದರೂ, ಹುಡುಕಾಟ ವ್ಯವಸ್ಥೆಗಳಲ್ಲಿ ಯಾವುದು ಮೇಲು ಎಂಬ ಕ್ರಮ ಬಹುಮಟ್ಟಿಗೆ ಹಾಗೆಯೇ ಉಳಿದುದನ್ನು ಟ್ರೆಕ್ ದತ್ತಾಂಶದಲ್ಲಿ ಸಂಶೋಧಕಿ ಎಲೆನ್ ವೂರ್ಹೀಸ್ ತೋರಿಸಿದ್ದಾರೆ. ಎರಡು ವ್ಯವಸ್ಥೆಗಳ ಹೋಲಿಕೆಯಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಇಷ್ಟು ಗಾಬರಿ ಬೇಡ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ವಿಚಾರಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಒಬ್ಬರು ಶೀರ್ಷಿಕೆಯನ್ನಷ್ಟೇ ನೋಡಿ ಗುರುತು ಹಾಕಿದ್ದಾರೆ, ಇನ್ನೊಬ್ಬರು ಪುಟಗಳನ್ನು ತೆರೆದು ಓದಿದ್ದಾರೆ. ಇಬ್ಬರಿಗೂ ಪರಿವಿಡಿ ಪುಟವನ್ನೇ ತೋರಿಸಿ, ವಿವರಣೆ ಸಹಿತ ಮತ್ತೆ ಮಾಡಿಸುತ್ತೇನೆ.