ಹೊಸ ಕೋಚ್ ಬಂದು ಮೂರು ವಾರ, ತಂಡ ಮೊದಲಿಗಿಂತ ಕೆಟ್ಟದಾಗಿ ಆಡ್ತಿದೆ. ಇದು ಸಹಜವಾ?

ತುಂಗಾ_ತೀರ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಪದವಿ ಕಾಲೇಜೊಂದರ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡದ ವಿಚಾರ. 14 ಜನ ಇದ್ದಾರೆ. ಇಲ್ಲಿಯವರೆಗೆ 2-3 ಝೋನ್ (ಮುಂದೆ ಇಬ್ಬರು, ಹಿಂದೆ ಮೂವರು ನಿಂತು ತಂತಮ್ಮ ಜಾಗ ಕಾಯುವುದು) ಬಿಟ್ಟು ಬೇರೆ ಡಿಫೆನ್ಸ್ ಆಡಿದ್ದೇ ಇಲ್ಲ. ಬಾಲ್ ಸಿಕ್ಕ ಕೂಡಲೇ ಉದ್ದ ಪಾಸ್, ದೂರದಿಂದ ಶಾಟ್. ಹೊಸ ಕೋಚ್ ಝೋನ್ ನಿಲ್ಲಿಸಿ ಮ್ಯಾನ್-ಟು-ಮ್ಯಾನ್ (ಒಬ್ಬೊಬ್ಬ ಎದುರಾಳಿಯನ್ನು ಒಬ್ಬೊಬ್ಬ ಕಾಯುವುದು) ಶುರುಮಾಡಿದ್ದಾರೆ. ಅಭ್ಯಾಸದಲ್ಲಿ 5-5 ಮ್ಯಾಚ್ ಆಡಿಸುವುದೇ ಇಲ್ಲ. ಸಂಜೆಯ ಅಭ್ಯಾಸವನ್ನು ಬೆಳಿಗ್ಗೆ 6ಕ್ಕೆ ತಂದಿದ್ದಾರೆ. ಎರಡು ಸ್ನೇಹಪರ ಪಂದ್ಯ ಆಡಿ ಎರಡೂ ಸೋತಾಯ್ತು, ಸೀನಿಯರ್‌ಗಳು ಮುನಿಸಿಕೊಂಡಿದ್ದಾರೆ. ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಿಗೆ ಇನ್ನು ಎಂಟು ವಾರ ಇದೆ. ದಾರಿ ಸರಿ ಇದೆಯೋ ಇಲ್ಲವೋ ಅಂತ ಏನು ನೋಡಿ ತಿಳಿಯಬೇಕು? ಮಳೆಗಾಲ ಬೇರೆ, ಕೋರ್ಟ್ ಅರ್ಧ ದಿನ ಸಿಗುವುದಿಲ್ಲ.

ಶೆಲ್_ಡ್ರಿಲ್:
ಮೂರು ವಾರಕ್ಕೆ ಸೋಲು ಸಹಜ ಸರ್. ಝೋನ್‌ನಲ್ಲಿ ಹುಡುಗ ತನ್ನ ಜಾಗ ಕಾದರೆ ಆಯ್ತು. ಮ್ಯಾನ್‌ನಲ್ಲಿ ತನ್ನ ಆಳು, ಬಾಲ್, ಸಹಾಯಕ್ಕೆ ನಿಲ್ಲಬೇಕಾದ ಜಾಗ, ಮೂರರ ಮೇಲೂ ಕಣ್ಣಿರಬೇಕು. ತಲೆ ಯೋಚಿಸುತ್ತಿರುವಷ್ಟು ಹೊತ್ತು ಕಾಲು ಏಳುವುದಿಲ್ಲ, ಅಷ್ಟರಲ್ಲಿ ಎದುರಾಳಿ ಲೇಅಪ್ (ರಿಂಗ್ ಹತ್ತಿರಕ್ಕೆ ಓಡಿ ಬಂದು ಹಾಕುವ ಶಾಟ್) ಹಾಕಿರುತ್ತಾನೆ.

ಸ್ಕೋರ್ ಪಕ್ಕಕ್ಕಿಟ್ಟು ನಾಲ್ಕು ಲೆಕ್ಕ ಬರೆಸಿ, ಬೆಂಚಿನಲ್ಲಿ ಕೂತ ಇಬ್ಬರು ಸಾಕು. ಶಾಟ್ ಹೊಡೆಯದೆ ಬಾಲ್ ಕಳೆದುಕೊಂಡದ್ದು ಎಷ್ಟು ಸಲ, ಎದುರಾಳಿ ಮಿಸ್ ಮಾಡಿದ ಶಾಟ್‌ಗಳಲ್ಲಿ ರಿಬೌಂಡ್ (ಪುಟಿದು ವಾಪಸ್ ಬರುವ ಬಾಲ್) ನಮಗೆ ಬಂದದ್ದೆಷ್ಟು, ನಾವು ಬಿಟ್ಟುಕೊಟ್ಟ ಲೇಅಪ್ ಎಷ್ಟು, ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಶಾಟ್) ಎಷ್ಟಕ್ಕೆ ಎಷ್ಟು. ಸೋತರೂ ಮೊದಲೆರಡು ಲೆಕ್ಕ ಸುಧಾರಿಸುತ್ತಿದ್ದರೆ ಕೋಚ್ ಕೆಲಸ ಹಿಡಿಯುತ್ತಿದೆ. ಐದಾರು ವಾರವಾದರೂ ಬಿಟ್ಟ ಲೇಅಪ್ ಇಳಿಯದಿದ್ದರೆ ಸಹಾಯಕ್ಕೆ ಬರುವುದನ್ನು ಸರಿಯಾಗಿ ಕಲಿಸಿಲ್ಲ ಅಂತಲೇ ಅರ್ಥ.

ಅದನ್ನು ಕಲಿಸುವುದು 4-4 ಶೆಲ್ ಡ್ರಿಲ್‌ನಲ್ಲಿ. ನಾಲ್ವರು ಮೂರು ಪಾಯಿಂಟ್ ಗೆರೆಯ ಹೊರಗೆ, ನಾಲ್ವರು ಡಿಫೆನ್ಸ್. ಮೊದಲ ವಾರ ಶಾಟ್ ಇಲ್ಲ, ಡ್ರಿಬಲ್ ಇಲ್ಲ, ಬರೀ ಪಾಸ್, ಪ್ರತಿ ಪಾಸ್ ಹಿಡಿದು 2 ಸೆಕೆಂಡ್ ನಿಲ್ಲಬೇಕು. ಬಾಲ್ ಗಾಳಿಯಲ್ಲಿರುವಾಗಲೇ ನಾಲ್ವರೂ ಜಾಗ ಬದಲಿಸಿರಬೇಕು. ಬಾಲ್ ಇಲ್ಲದ ಬದಿಯವನ ಒಂದು ಕಾಲು ಪೇಂಟ್ (ರಿಂಗ್ ಮುಂದಿನ ಆಯತ) ಒಳಗೆ. ಎರಡನೇ ವಾರ ಡ್ರೈವ್ (ಬಾಲ್ ಪುಟಿಸುತ್ತಾ ರಿಂಗ್ ಕಡೆ ನುಗ್ಗುವುದು), ಮೂರನೆಯದರಲ್ಲಿ ಕಟ್ (ಬಾಲ್ ಇಲ್ಲದೆ ರಿಂಗ್ ಕಡೆ ಓಡುವುದು). ಹೆಚ್ಚಿನ ಕಡೆ ಕೆಡುವುದು ಇಲ್ಲೇ: ಎಲ್ಲವನ್ನೂ ಒಂದೇ ದಿನ ಸೇರಿಸುತ್ತಾರೆ, ಹುಡುಗರು ಬಾಲ್ ಹಿಂದೆ ಓಡಲು ಶುರುಮಾಡುತ್ತಾರೆ. ಶಾಟರ್ ಕಡೆ ಓಡಿ ಹೋಗುವವನು ಕೊನೆಯ ಎರಡು ಮೂರು ಹೆಜ್ಜೆ ಚಿಕ್ಕದಾಗಿ ಇಟ್ಟು, ಸೊಂಟ ತಗ್ಗಿಸಿ, ಒಂದು ಕೈ ಎತ್ತಬೇಕು. ನುಗ್ಗಿದ ವೇಗದಲ್ಲೇ ಹೋದರೆ ಶಾಟರ್ ಒಂದೇ ಡ್ರಿಬಲ್‌ನಲ್ಲಿ ದಾಟಿಬಿಡುತ್ತಾನೆ.

5-5 ಪೂರ್ತಿ ನಿಲ್ಲಿಸಿದ್ದು ಮಾತ್ರ ನನ್ನ ಪ್ರಕಾರ ಅತಿಯಾಯಿತು. 90 ನಿಮಿಷದಲ್ಲಿ ಹೆಚ್ಚು ಹೊತ್ತು 3-3 ಇರಲಿ, ಬಾಲ್ ಎಲ್ಲರ ಕೈಗೂ ಬರುತ್ತದೆ. ಆದರೆ ಕೊನೆಯ 15 ನಿಮಿಷ 5-5 ಬೇಕೇ ಬೇಕು. ಅರ್ಧ ಕೋರ್ಟ್ ದಾಟಲು 8 ಸೆಕೆಂಡ್, ಶಾಟ್‌ಗೆ 24 ಸೆಕೆಂಡ್, ಯಾರಾದರೂ ಹೊರಗೆ ನಿಂತು ಕೂಗಿ ಎಣಿಸಲಿ.

ದೂರದ ಶಾಟ್ ಬಗ್ಗೆ ಸೀನಿಯರ್‌ಗಳಿಗೆ ಬೋರ್ಡ್ ಮೇಲೆ ಬರೆದು ತೋರಿಸಿ. ಮೂರು ಪಾಯಿಂಟ್ ಗೆರೆಯ ಒಳಗಿನ ದೂರದ ಶಾಟ್ ನೂರಕ್ಕೆ 30 ಬಿದ್ದರೆ 60 ಪಾಯಿಂಟ್. ಲೇಅಪ್ ನೂರಕ್ಕೆ 60 ಬಿದ್ದರೆ 120. ಬೈಯುವುದಕ್ಕಿಂತ ಈ ಲೆಕ್ಕ ಬೇಗ ತಲೆಗೆ ಹೋಗುತ್ತದೆ.

ಸಾಗರದ_ಪಿವಟ್:
ಮಳೆಯ ವಿಷಯ ಹೇಳ್ತೀನಿ. ಸಿಮೆಂಟ್ ಕೋರ್ಟ್‌ನಲ್ಲಿ ಮರದ ನೆರಳು ಬೀಳುವ ಬದಿಗೆ ಪಾಚಿ ಕಟ್ಟುತ್ತದೆ, ಮೊಣಕಾಲು ತಿರುಚಿಕೊಳ್ಳುವುದು ಅಲ್ಲೇ. ವಾರಕ್ಕೊಮ್ಮೆ ಬಕೆಟ್ ನೀರಿಗೆ ಎರಡು ಹಿಡಿ ಬ್ಲೀಚಿಂಗ್ ಪುಡಿ ಕಲಸಿ ಹೊಯ್ದು, ಅರ್ಧ ಗಂಟೆ ಬಿಟ್ಟು, ಗಟ್ಟಿ ಪೊರಕೆಯಲ್ಲಿ ಉಜ್ಜಿ ತೊಳೆಯಿರಿ. ಬೇಗ ಹೋಗಲಿ ಅಂತ ಆಸಿಡ್ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಹೊರಗೆ ರಬ್ಬರ್ ಬಾಲ್ ಸಾಕು. ಒಳಾಂಗಣದ ಚರ್ಮದ ಬಾಲ್ ಸಿಮೆಂಟಿಗೆ ತಂದರೆ ಮೇಲ್ಮೈ ಬೇಗ ಸವೆಯುತ್ತದೆ, ಒದ್ದೆಯಾದರೆ ಜಾರುತ್ತದೆ. ಬೆಳಗಿನ ಚಳಿಗೆ ಗಾಳಿಯ ಒತ್ತಡ ಇಳಿದು ಬಾಲ್ ಸತ್ತಂತೆ ಪುಟಿಯುತ್ತದೆ, ಹುಡುಗರು ಡ್ರಿಬಲ್‌ಗೆ ವಿಪರೀತ ಬಗ್ಗುತ್ತಾರೆ. 1.8 ಮೀಟರ್ ಎತ್ತರದಿಂದ ಬಿಟ್ಟು ನೋಡಿ, ಬಾಲಿನ ಮೇಲ್ತುದಿ 1.2ರಿಂದ 1.4 ಮೀಟರ್‌ವರೆಗೆ ಏಳಬೇಕು. ಹುಡುಗಿಯರ ತಂಡವೂ ಅದೇ ಬಾಲ್ ಹಂಚಿಕೊಳ್ಳುತ್ತಿದ್ದರೆ ಬೇಡ. ಅವರದು 6ನೇ ಸೈಜ್. 7ರಲ್ಲಿ ಕೈ ಪಳಗಿದರೆ ಪಂದ್ಯದ ದಿನ ಶಾಟ್ ರಿಂಗ್ ದಾಟಿ ಹೋಗುತ್ತದೆ.

ಧೋ ಅಂತ ಸುರಿಯುವ ದಿನ ಕಾರಿಡಾರ್‌ನಲ್ಲಿ ಗೋಡೆಗೆ ಪಾಸ್, ಎರಡು ಬಾಲ್ ಡ್ರಿಬಲ್, ಡಿಫೆನ್ಸ್ ಸ್ಟಾನ್ಸ್. ಕ್ಲಾಸ್‌ರೂಮಿನ ಬೆಂಚು ಸರಿಸಿದರೆ ಶೆಲ್ ಡ್ರಿಲ್ ಅನ್ನು ನಡೆದುಕೊಂಡೇ ಮಾಡಿಸಬಹುದು. ಹೊಸ ಡಿಫೆನ್ಸ್ ಕಲಿಯುವ ತಂಡಕ್ಕೆ ಈ ನಿಧಾನದ ಅಭ್ಯಾಸ ಲಾಭವೇ.

ಜಿಗಿತ, ದೂರದ ಓಟವನ್ನು ಸಿಮೆಂಟ್ ಮೇಲೆ ಮಾಡಿಸಬೇಡಿ. ಹೊಸ ಕೋಚ್ ಬಂದ ಹುರುಪಿಗೆ ಓಟ ಒಮ್ಮೆಲೇ ಏರಿ, ಮೂರನೇ ವಾರಕ್ಕೆ ಮೊಣಕಾಲ ಕೆಳಗಿನ ಎಲುಬಿನ ಮುಂಭಾಗದಲ್ಲಿ ನೋವು ಶುರುವಾಗುತ್ತದೆ. ಮಳೆ ಬಿಟ್ಟಾಗ ಮಣ್ಣಿನ ಮೈದಾನಕ್ಕೆ ಕರೆದೊಯ್ಯಿರಿ.

ಕೊನೇ_ಬಸ್ಸು:
ಬೆಳಿಗ್ಗೆ 6ರ ಅಭ್ಯಾಸ ಹಾಸ್ಟೆಲ್ ಹುಡುಗರಿಗೆ ಸರಿ. ಹಳ್ಳಿಯಿಂದ ಬರುವವರ ಮೊದಲ ಬಸ್ಸೇ ಆ ಹೊತ್ತಿಗೆ ಊರು ಬಿಟ್ಟಿರುವುದಿಲ್ಲ. ಅವರು ತಪ್ಪಿಸಿಕೊಳ್ಳುತ್ತಿರುವುದನ್ನು ಅಶಿಸ್ತು ಅಂತ ಎಣಿಸುವ ಮೊದಲು ಬಸ್ಸಿನ ಸಮಯ ಬರೆದು ಕೋಚ್ ಕೈಗೆ ಕೊಡಿ. ವಾರಕ್ಕೆ ಮೂರು ದಿನ ಎಲ್ಲರಿಗೂ ಸಂಜೆ 4.15ರಿಂದ 5.30, ಉಳಿದ ದಿನ ಬೆಳಿಗ್ಗೆ ಹಾಸ್ಟೆಲಿನವರಿಗೆ ಶಾಟಿಂಗ್, ಹೀಗೆ ಹಂಚಬಹುದು. ಪಂದ್ಯ ಅಡಿಕೆ ಕೊಯ್ಲಿನ ಹೊತ್ತಿಗೆ ಬಿದ್ದರೆ ತೋಟದ ಮನೆಯ ಹುಡುಗರು ಕೆಲವು ದಿನ ಬರುವುದಿಲ್ಲ, ಅದನ್ನು ಈಗಲೇ ಕೇಳಿಟ್ಟುಕೊಳ್ಳಿ.

ಸೀನಿಯರ್‌ಗಳ ಮುನಿಸಿಗೆ ಹೆಚ್ಚಿನ ಸಲ ಕಾರಣ ಒಂದೇ, ಯಾರು ಯಾವಾಗ ಆಡುತ್ತಾರೆ ಅಂತ ಹೇಳದಿರುವುದು. ಒಬ್ಬೊಬ್ಬರನ್ನೇ ಕೂರಿಸಿ ಅವರ ಕೆಲಸ ಒಂದೇ ವಾಕ್ಯದಲ್ಲಿ ಹೇಳಲಿ: “ನೀನು ಅವರ ಪಾಯಿಂಟ್ ಗಾರ್ಡ್‌ನನ್ನು ಕಾಯಬೇಕು, ನಿಮಿಷ ಕಡಿಮೆ ಸಿಗಬಹುದು.” ಎಲ್ಲರ ಮುಂದೆ ಹೇಳಬಾರದು.

ತುಂಗಾ_ತೀರ:
ತುಂಬಾ ಉಪಯೋಗವಾಯ್ತು. ಇನ್ನೊಂದು ಪ್ರಶ್ನೆ. ಝೋನ್ ಪೂರ್ತಿ ಬಿಟ್ಟುಬಿಡಬೇಕಾ? ಒಂದೇ ದಿನ ಎರಡು ಪಂದ್ಯ ಬಂದರೆ ಮ್ಯಾನ್ ಆಡಲು ಕಾಲಲ್ಲಿ ಶಕ್ತಿ ಉಳಿಯಲ್ಲ ಅನ್ನೋದು ಸೀನಿಯರ್‌ಗಳ ವಾದ.

ಶೆಲ್_ಡ್ರಿಲ್:
ಅವರ ಮಾತಲ್ಲಿ ಹುರುಳಿದೆ. ಝೋನ್ ಬಿಡಬೇಡಿ, ಎರಡನೇ ಆಯುಧವಾಗಿ ಇಟ್ಟುಕೊಳ್ಳಿ. ಮುಖ್ಯ ಆಟಗಾರನಿಗೆ ಮೊದಲರ್ಧದಲ್ಲೇ 3 ಫೌಲ್ ಆದಾಗ ಝೋನ್‌ಗೆ ಹೋಗಬಹುದು, 5ಕ್ಕೆ ಹೊರಗೆ ಹೋಗುತ್ತಾನಲ್ಲ. ಕ್ವಾರ್ಟರ್‌ನಲ್ಲಿ ತಂಡದ 4 ಫೌಲ್ ತುಂಬಿದ ಮೇಲೂ ಹಾಗೆಯೇ. ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ.

ಆದರೆ 2-3ರ ಹಳೆಯ ಎರಡು ರೋಗ ಮೊದಲು ವಾಸಿಯಾಗಬೇಕು. ಒಂದು, ಫ್ರೀ ಥ್ರೋ ಗೆರೆಯ ಮಧ್ಯದಲ್ಲಿ ಬಾಲ್ ಸಿಕ್ಕರೆ ಇಡೀ ಝೋನ್ ಕುಸಿಯುತ್ತದೆ, ಅಲ್ಲಿಗೆ ನಡುವಿನ ಆಟಗಾರ ಮೇಲೆ ಬರಬೇಕೋ ಮುಂದಿನ ಇಬ್ಬರಲ್ಲಿ ಒಬ್ಬ ಕೆಳಗಿಳಿಯಬೇಕೋ ಎಂದು ಮೊದಲೇ ನಿಶ್ಚಯಿಸಿ. ಎರಡು, ಝೋನ್‌ನಲ್ಲಿ ಯಾರ ಆಳು ಯಾರು ಅಂತ ಇಲ್ಲದ್ದರಿಂದ ಶಾಟ್ ಎದ್ದ ಕೂಡಲೇ ಎಲ್ಲರೂ ಬಾಲ್ ನೋಡುತ್ತಾ ನಿಲ್ಲುತ್ತಾರೆ. ಹತ್ತಿರ ಇರುವವನಿಗೆ ಬೆನ್ನು ಕೊಟ್ಟು ತಡೆದು, ಆಮೇಲೆ ರಿಬೌಂಡಿಗೆ ಹಾರಬೇಕು.

ಡಿಫೆನ್ಸ್ ಬದಲಿಸಲು ಟೈಮ್‌ಔಟ್ ಖರ್ಚು ಮಾಡಬೇಡಿ. ಮೊದಲರ್ಧಕ್ಕೆ ಸಿಗುವುದೇ 2. ನಮ್ಮವರು ಫ್ರೀ ಥ್ರೋ ಎಸೆಯುವಾಗ ಬೆಂಚಿನಿಂದ ಮುಷ್ಟಿ ತೋರಿಸಿದರೆ ಝೋನ್, ತೆರೆದ ಕೈ ತೋರಿಸಿದರೆ ಮ್ಯಾನ್. ಇದನ್ನು ಆ ಕೊನೆಯ 15 ನಿಮಿಷದ 5-5ನಲ್ಲೇ ದಿನಾ ಎರಡು ಸಲ ಮಾಡಿಸಿ.